ಪತ್ರಿಕೆಗೂ ಒಂದು ಸಂಖ್ಯೆ: ಅದನ್ನು ಹುಡುಕುವ ಬಗೆ

ಕಳೆದ ಮಳೆಗಾಲದ ಒಂದು ಸಂಜೆ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಫೈಲು ಹಿಡಿದುಕೊಂಡು ಮನೆಗೆ ಬಂದಳು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲೇ ಓದಿ, ಮುಂದೆ ಕನ್ನಡ ಎಂ.ಎ. ಮುಗಿಸಿದ ಹುಡುಗಿ. ಕಾಲೇಜೊಂದರ ಅಧ್ಯಾಪಕ ಹುದ್ದೆಗೆ ಅರ್ಜಿ ಹಾಕಿದ್ದಳು. ಪ್ರಕಟವಾದ ಲೇಖನಗಳ ಪಟ್ಟಿಯಲ್ಲಿ ‘ಐ.ಎಸ್.ಎಸ್.ಎನ್.’ ಎಂಬ ಕಾಲಂ ಇತ್ತು. ಪತ್ರಿಕೆಯ ಒಳಪುಟದಲ್ಲಿ ಕಂಡ ಸಂಖ್ಯೆಯನ್ನೇ ಅಲ್ಲಿ ಬರೆದು ಕಳುಹಿಸಿದ್ದಳು. ಸಂಖ್ಯೆ ತಪ್ಪೆಂದು ಲೇಖನ ಲೆಕ್ಕಕ್ಕೇ ಬರಲಿಲ್ಲ. ಮಂಜೇಶ್ವರದ ಗೋವಿಂದ ಪೈಗಳ ಬಗ್ಗೆ ಎರಡು ವರ್ಷ ಓಡಾಡಿ ಬರೆದ ಲೇಖನವದು. “ಲೇಖನ ಸುಳ್ಳಲ್ಲವಲ್ಲ ಸಾರ್?” ಎಂದು ಅವಳು ಕೇಳಿದಾಗ ನಮಗೆ ಉತ್ತರ ತೋಚಲಿಲ್ಲ. ಆ ಸಂಖ್ಯೆಯ ಮರ್ಮ ನಮಗೂ ಆಗ ತಿಳಿದಿರಲಿಲ್ಲ. ಆಮೇಲೆ ಕುಳಿತು ಕಲಿತದ್ದನ್ನು ವಾಚಕರ ಮುಂದಿಡುತ್ತಿದ್ದೇವೆ. ಕಾಲೇಜು ಮೆಟ್ಟಿಲೇರಿದ ಮಕ್ಕಳಿರುವ ಮನೆಗಳಿಗೆ ಇದು ಬೇಕಾದೀತು.

ಅವಳು ಬರೆದದ್ದು ಪತ್ರಿಕೆಯ ಸರಕಾರಿ ನೋಂದಣಿ ಸಂಖ್ಯೆ. 1956ರಲ್ಲಿ ಆರಂಭವಾದ ವೃತ್ತಪತ್ರಿಕೆಗಳ ನೋಂದಣಾಧಿಕಾರಿ ಕಚೇರಿ, ಅಂದರೆ ಆರ್.ಎನ್.ಐ., ಇದನ್ನು ಕೊಡುತ್ತಿತ್ತು. 2023ರ ಹೊಸ ಕಾನೂನು 2024ರ ಮಾರ್ಚ್ 1ರಂದು ಜಾರಿಗೆ ಬಂದ ಮೇಲೆ ಆ ಕೆಲಸ ಪ್ರೆಸ್ ರಿಜಿಸ್ಟ್ರಾರ್ ಜನರಲ್ ಅವರದು. ಈ ಸಂಖ್ಯೆಯಲ್ಲಿ ರಾಜ್ಯಕ್ಕೆ ಮೂರಕ್ಷರ, ಭಾಷೆಗೆ ಮೂರಕ್ಷರ ಇರುವುದುಂಟು. ಕರ್ನಾಟಕದ ಕನ್ನಡ ಪತ್ರಿಕೆಯಾದರೆ ‘ಕೆ.ಎ.ಆರ್.ಕೆ.ಎ.ಎನ್.’ ಎಂದು ಮೊದಲಾಗಿ, ವರ್ಷ ಮತ್ತು ಅಂಕಿ ಬರುತ್ತವೆ. ಹಳೆಯ ಸಂಚಿಕೆಗಳಲ್ಲಿ ಅಂಚೆ ನೋಂದಣಿ ಸಂಖ್ಯೆಯೂ ಪಕ್ಕದಲ್ಲೇ ಇರುತ್ತದೆ. ಇವೆರಡೂ ಐ.ಎಸ್.ಎಸ್.ಎನ್. ಅಲ್ಲ.

ಐ.ಎಸ್.ಎಸ್.ಎನ್. ಎಂದರೆ ನಿಯತಕಾಲಿಕಗಳ ಅಂತಾರಾಷ್ಟ್ರೀಯ ಗುರುತು ಸಂಖ್ಯೆ. ಅದರ ನಿಯಮ 1975ರಲ್ಲಿ ಅಂತಾರಾಷ್ಟ್ರೀಯ ಮಾನಕವಾಗಿ ಹೊರಬಂತು. ಮುಖ್ಯ ಕೇಂದ್ರ ಪ್ಯಾರಿಸಿನಲ್ಲಿದೆ. ಇದರಲ್ಲಿ ಎಂಟು ಸ್ಥಾನಗಳು. ನಾಲ್ಕರ ಎರಡು ಗುಂಪು, ನಡುವೆ ಅಡ್ಡಗೆರೆ. ಪುಸ್ತಕದ ಐ.ಎಸ್.ಬಿ.ಎನ್.ನಂತೆ ಇದರೊಳಗೆ ದೇಶ, ಪ್ರಕಾಶಕರ ಸುಳಿವು ಯಾವುದೂ ಇಲ್ಲ. ಬೆಂಗಳೂರಿನಿಂದ 1932ರಲ್ಲಿ ಹೊರಟ ‘ಕರೆಂಟ್ ಸೈನ್ಸ್’ ಪತ್ರಿಕೆಯದು 0011-3891.

ಇದರ ಕೊನೆಯ ಅಂಕಿ ಒಂದು ಕಾವಲುಗಾರ. ಎಂಟನೆಯ ತರಗತಿಯ ಹುಡುಗರೂ ಮಾಡಬಲ್ಲ ಲೆಕ್ಕವಿದು. ಮೊದಲ ಏಳು ಅಂಕಿಗಳನ್ನು ಕ್ರಮವಾಗಿ 8, 7, 6, 5, 4, 3, 2ರಿಂದ ಗುಣಿಸಿ ಕೂಡಿಸಬೇಕು. ‘ಕರೆಂಟ್ ಸೈನ್ಸ್’ಗೆ 0, 0, 6, 5, 12, 24, 18, ಒಟ್ಟು 65. ಅದನ್ನು 11ರಿಂದ ಭಾಗಿಸಿದರೆ ಶೇಷ 10. ಶೇಷವನ್ನು 11ರಿಂದ ಕಳೆದರೆ 1. ಕೊನೆಯ ಅಂಕಿ ಅದೇ. ಶೇಷ ಸೊನ್ನೆಯಾದರೆ ಕೊನೆಯದೂ ಸೊನ್ನೆ. ಉತ್ತರ 10 ಬಂದರೆ ಆ ಸ್ಥಾನದಲ್ಲಿ ‘ಎಕ್ಸ್’ ಅಕ್ಷರ ಇರುತ್ತದೆ.

ಇನ್ನು ಹುಡುಕುವ ಬಗೆ. ಮೊದಲು ರಕ್ಷಾಪುಟದ ಮೇಲಿನ ಬಲಮೂಲೆ, ಆಮೇಲೆ ಸಂಪಾದಕರ ಹೆಸರಿರುವ ಪುಟ ನೋಡಿ. ಅಲ್ಲಿ ಇಲ್ಲವೆ? ಹಿಂಬದಿಯಲ್ಲಿ 977ರಿಂದ ಆರಂಭವಾಗುವ ಪಟ್ಟೆಗೆರೆಯ ಸಂಖ್ಯೆ ಇದ್ದರೆ, ಮುಂದಿನ ಏಳು ಅಂಕಿಗಳೇ ಐ.ಎಸ್.ಎಸ್.ಎನ್.ನ ಮೊದಲ ಏಳು. ಎಂಟನೆಯದನ್ನು ಮೇಲಿನ ಲೆಕ್ಕದಿಂದ ಪಡೆಯಬಹುದು. ಅದೂ ಇಲ್ಲವಾದರೆ ಪ್ಯಾರಿಸ್ ಕೇಂದ್ರದ ಐ.ಎಸ್.ಎಸ್.ಎನ್. ಪೋರ್ಟಲ್ ಇದೆ. 2018ರಿಂದ ಅಲ್ಲಿ ಮುಖ್ಯ ವಿವರಗಳನ್ನು ಹಣ ಕೊಡದೆ ನೋಡಬಹುದು. ಮನೆಯಲ್ಲಿ ಸೌಕರ್ಯ ಇಲ್ಲದವರು ಪರಿಚಯದ ಅಕ್ಷಯ ಕೇಂದ್ರದಲ್ಲಿ ವಿಚಾರಿಸಬಹುದು.

ಒಂದು ತೊಡಕಿದೆ. ಕನ್ನಡ ಪತ್ರಿಕೆಯ ಹೆಸರು ಅಲ್ಲಿ ರೋಮನ್ ಲಿಪಿಯಲ್ಲಿರಬಹುದು. ‘ಕರ್ಣಾಟಕ’ವೋ ‘ಕರ್ನಾಟಕ’ವೋ, ದೀರ್ಘಕ್ಕೆ ಒಂದು ‘ಎ’ಯೋ ಎರಡೋ ಹೇಳಲಾಗದು. ಒಂದು ಬಗೆಯಲ್ಲಿ ಸಿಗದಿದ್ದರೆ ಬೇರೆ ಬಗೆಯಲ್ಲಿ ಬರೆದು ನೋಡಬೇಕು. ನಮ್ಮ ಹುಡುಗಿಯ ಪತ್ರಿಕೆ ಸಿಕ್ಕಿದ್ದು ಮೂರನೆಯ ಪ್ರಯತ್ನಕ್ಕೆ. ಇನ್ನೊಂದು ಮಾತು: ಮುದ್ರಿತ ಪ್ರತಿಗೆ ಒಂದು, ಅಂತರ್ಜಾಲದ ಪ್ರತಿಗೆ ಇನ್ನೊಂದು ಸಂಖ್ಯೆ. ‘ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ’ಗೆ ಮುದ್ರಣದಲ್ಲಿ 0012-9976, ಅಂತರ್ಜಾಲದಲ್ಲಿ 2349-8846. ಪತ್ರಿಕೆಯ ಹೆಸರು ಗಣನೀಯವಾಗಿ ಬದಲಾದರೂ ಸಂಖ್ಯೆ ಹೊಸದಾಗುತ್ತದೆ. ಆದ್ದರಿಂದ ಲೇಖನ ಅಚ್ಚಾದ ವರ್ಷದ ಹೆಸರನ್ನೇ ಹುಡುಕಬೇಕು.

ಹೊಸ ಸಂಖ್ಯೆ ಸಿಕ್ಕಿದ ಹೊತ್ತಿಗೆ ಅವಳ ಅರ್ಜಿಯ ಅವಧಿ ಮುಗಿದಿತ್ತು. ಆ ಹುದ್ದೆ ಹೋಯಿತು. ಆದರೆ ಕಲಿತದ್ದು ವ್ಯರ್ಥವಾಗಲಿಲ್ಲ. ಕೆಲವು ತಿಂಗಳ ಅನಂತರ ಸಾವಿರಾರು ರೂಪಾಯಿ ಕಟ್ಟಿದರೆ ವಾರದೊಳಗೆ ಲೇಖನ ಅಚ್ಚು ಹಾಕುತ್ತೇವೆಂದು ಅವಳಿಗೊಂದು ಪತ್ರ ಬಂತು. ಅದರಲ್ಲೂ ದೊಡ್ಡ ಅಕ್ಷರದಲ್ಲಿ ಐ.ಎಸ್.ಎಸ್.ಎನ್. ಇತ್ತು. ಅವಳೇ ಲೆಕ್ಕ ಹಾಕಿದಳು. ಕೊನೆಯ ಅಂಕಿ ಹೊಂದಲಿಲ್ಲ. ಪೋರ್ಟಲ್‌ನಲ್ಲೂ ಆ ಸಂಖ್ಯೆ ಇರಲಿಲ್ಲ. ಹಣ ಉಳಿಯಿತು. ಲೆಕ್ಕ ಹೊಂದಿದ ಮಾತ್ರಕ್ಕೆ ಪತ್ರಿಕೆ ಒಳ್ಳೆಯದೆಂದೂ ಅಲ್ಲ. ಈ ಸಂಖ್ಯೆ ಗುರುತೇ ಹೊರತು ಗುಣದ ಮುದ್ರೆಯಲ್ಲ. ವಿಶ್ವವಿದ್ಯಾನಿಲಯ ಅನುದಾನ ಆಯೋಗ ತನ್ನ ‘ಕೇರ್’ ಪಟ್ಟಿಯನ್ನು 2025ರಲ್ಲಿ ಕೈಬಿಟ್ಟ ಮೇಲಂತೂ ಬರೆಯುವವರು ತಾವೇ ವಿಚಾರಿಸಿ ನೋಡುವುದು ಅಗತ್ಯ.

ನಮ್ಮ ಜಿಲ್ಲೆಯಲ್ಲಿ ಕನ್ನಡ ಪತ್ರಿಕೆ ನಡೆಸುವ ಮಹನೀಯರಲ್ಲೂ ಒಂದು ವಿನಂತಿ. ಭಾರತದ ಐ.ಎಸ್.ಎಸ್.ಎನ್. ಕೇಂದ್ರ ದೆಹಲಿಯಲ್ಲಿದೆ. ಸಂಖ್ಯೆಗೆ ಶುಲ್ಕವಿಲ್ಲ, ಅರ್ಜಿಯನ್ನು ಪ್ರಕಾಶಕರೇ ಹಾಕಬೇಕು. ತಮ್ಮ ಪತ್ರಿಕೆಯಲ್ಲಿ ಬರೆಯುವ ಮಕ್ಕಳಿಗೆ ಅದರಿಂದ ಉಪಕಾರವಾಗುತ್ತದೆ. ಮನೆಯ ಅಟ್ಟದಲ್ಲಿ ಹಳೆಯ ಮಾಸಪತ್ರಿಕೆಗಳಿರುವವರು ರದ್ದಿಗೆ ಹಾಕುವ ಮುನ್ನ ಪ್ರತಿಯೊಂದರ ಹೆಸರು, ಸಂಪುಟ, ಸಂಚಿಕೆ, ಊರು, ವರ್ಷಗಳನ್ನಾದರೂ ಒಂದು ಪುಸ್ತಕದಲ್ಲಿ ಬರೆದಿಡಿ. ನಿಂತುಹೋದ ಪತ್ರಿಕೆಗೂ ಸಂಖ್ಯೆ ಕೊಡಲು ನಿಯಮದಲ್ಲಿ ಅವಕಾಶವಿದೆ. ಆದರೆ ಆ ಪತ್ರಿಕೆ ಇತ್ತೆಂಬುದಕ್ಕೆ ಗುರುತು ನಮ್ಮಲ್ಲಿ ಉಳಿದಿರಬೇಕಷ್ಟೆ.