ಫ್ರಿಜ್ಜಿನೊಳಗೆ ಚಳಿಗಾಲ

‘ಇದೇನೋ, ಬೆಳ್ಳುಳ್ಳಿನ ಪೇಪರ್ ಕವರ್‌ನಲ್ಲಿ ಸುತ್ತಿಟ್ಟಿದ್ದೀಯ?’ ಎನ್ನುತ್ತಾ ಅಮ್ಮ ಸಿಪ್ಪೆ ಸುಲಿಯಲು ಶುರು ಮಾಡಿಯೇಬಿಟ್ಟಿದ್ದಳು. ಓಡಿಹೋಗಿ ಕಿತ್ತುಕೊಂಡೆ. ಅದು ಐರಿಸ್ ರೆಟಿಕ್ಯುಲೇಟದ ಗೆಡ್ಡೆ, ತಿಂದರೆ ವಿಷ. ಆರು ಗೆಡ್ಡೆಗೆ ಎರಡು ತಿಂಗಳ ಪಾಕೆಟ್ ಮನಿ ಸುರಿದಿದ್ದೇನೆ ಅನ್ನೋದನ್ನು ಮಾತ್ರ ಹೇಳಲಿಲ್ಲ.

ಟರ್ಕಿ, ಇರಾನ್ ಕಡೆಯ ಬೆಟ್ಟಗಳಲ್ಲಿ ಹಿಮ ಕರಗುವ ಹೊತ್ತಿಗೆ ಅರಳುವ, ಗೇಣುದ್ದವೂ ಇಲ್ಲದ ನೇರಳೆ ಹೂವು ಇದು. ವಾರಗಟ್ಟಲೆ ಕೊರೆಯುವ ಚಳಿ ಸಿಗದಿದ್ದರೆ ಸರಿಯಾಗಿ ಹೂ ಬಿಡುವುದಿಲ್ಲ. ನಮ್ಮ ಯಲಹಂಕದಲ್ಲಿ ಡಿಸೆಂಬರ್ ಬಂತೆಂದರೆ ಎಲ್ಲರೂ ಸ್ವೆಟರ್ ತೆಗೆಯುತ್ತೇವೆ, ನಿಜ. ಆದರೆ ರಾತ್ರಿಯ 15 ಡಿಗ್ರಿ ಈ ಗೆಡ್ಡೆಗೆ ಯಾವ ಲೆಕ್ಕ! ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶವೇ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಹಾಗಾಗಿ ಸೆಪ್ಟೆಂಬರ್‌ನಿಂದ ಹನ್ನೆರಡು ವಾರ ದೋಸೆಹಿಟ್ಟಿನ ಪಾತ್ರೆಯ ಹಿಂದಿನ ಜಾಗವೇ ಅದರ ಪಾಲಿಗೆ ಇರಾನ್.

ಡಿಸೆಂಬರ್‌ನಲ್ಲಿ ಟೆರೇಸಿನ ಕುಂಡಕ್ಕೆ ಅರ್ಧ ಮರಳು ಬೆರೆಸಿ ನೆಟ್ಟೆ. ನೀರು ನಿಂತರೆ ಕೊಳೆಯುತ್ತದೆ. ಎರಡು ಹಾಗೇ ಹೋದವು. ಉಳಿದವು ಚಿಗುರಿದವು. ಎಲೆಯನ್ನು ಬೆರಳುಗಳ ನಡುವೆ ಉರುಳಿಸಿದರೆ ನಾಲ್ಕು ಅಂಚು ತಾಕುತ್ತವೆ, ಫಸ್ಟ್ ಇಯರ್ ಡ್ರಾಯಿಂಗ್‌ನಲ್ಲಿ ನನ್ನನ್ನು ಕಾಡಿದ ಸ್ಕ್ವೇರ್ ಪ್ರಿಸಂ ಥರ! ಹೂ ಬಿಟ್ಟದ್ದು ಒಂದೇ, ಮ್ಯಾಥ್ಸ್ ಪರೀಕ್ಷೆಯ ಬೆಳಿಗ್ಗೆ. ಮೂರು ದಿನ ಇತ್ತು. ‘ಇಷ್ಟಕ್ಕಾ?’ ಅಂದರು ಅಪ್ಪ.

ಅಪ್ಪನ ಮಾತಲ್ಲೂ ನ್ಯಾಯವಿದೆ. ಇದೇ ಕುಟುಂಬದ ಗ್ಲಾಡಿಯೋಲಸ್ ನಮ್ಮ ಹವೆಗೆ ಫ್ರಿಜ್ಜಿನ ಹಂಗಿಲ್ಲದೆ ಅರಳುತ್ತದೆ. ಇಲ್ಲೇ ಹತ್ತಿರದ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅದರ ಎಷ್ಟೋ ತಳಿಗಳನ್ನು ಕೊಟ್ಟಿದೆ. ಆರತಿ, ಪೂನಂ, ಸಪ್ನಾ, ದರ್ಶನ್... ಲೆಕ್ಚರರ್ ಅಟೆಂಡೆನ್ಸ್ ಕೂಗಿದ ಹಾಗಿದೆ ಅಲ್ವಾ? ಬರೀ ಹೂ ಬೇಕು ಅನ್ನುವವರು ಅದನ್ನೇ ಹಾಕಿ.

ಎಲೆ ಒಣಗಿದ ಮೇಲೆ ಕುಂಡ ಅಗೆದೆ. ಹೂ ಬಿಟ್ಟ ಗೆಡ್ಡೆ ಒಡೆದು ಪುಟ್ಟ ಪುಟ್ಟ ಮರಿಗಳಾಗಿತ್ತು. ಅವು ಹೂ ಬಿಡುವಷ್ಟು ದಪ್ಪಗಾಗಲು ಇನ್ನೂ ಕೆಲವು ವರ್ಷ ಬೇಕು. ಪ್ರತಿ ವರ್ಷ ಮೇ ತಿಂಗಳ ಮಳೆ ತಾಗದಂತೆ ಒಣಗಿಸಿಡಬೇಕು, ಮತ್ತೆ ಫ್ರಿಜ್ಜಿಗೆ ಹಾಕಬೇಕು. ಅಷ್ಟರಲ್ಲಿ ಪ್ಲೇಸ್‌ಮೆಂಟ್ ಆದರೆ ನಾನು ಪುಣೆಯಲ್ಲೋ ಹೈದರಾಬಾದಿನಲ್ಲೋ ಇರುತ್ತೇನೆ. ಆಗದಿದ್ದರೆ ಇಲ್ಲೇ, ಗೆಡ್ಡೆಗಳ ಜೊತೆ!

ಇದನ್ನೆಲ್ಲ ಹೇಳಿದಾಗ ಅಮ್ಮ ಏನೂ ಮಾತಾಡಲಿಲ್ಲ. ಗೋಡೆಯ ಕ್ಯಾಲೆಂಡರ್‌ನಲ್ಲಿ ಸೆಪ್ಟೆಂಬರ್ ಹಾಳೆ ತಿರುವಿ, ಗ್ಯಾಸ್ ಬುಕ್ ಮಾಡುವ ತಾರೀಖಿನ ಕೆಳಗೆ ‘ಗೆಡ್ಡೆ’ ಎಂದು ಬರೆದಳು.