ಕಾರ್ಡ್ ಸಿಕ್ಕರೆ ಕಾಸು ಸಿಕ್ಕೀತೇ?

ಹಾಸ್ಟೆಲಿನಲ್ಲಿ ಒಂದು ರಾತ್ರಿ ಆನ್‌ಲೈನ್ ಗಳಿಕೆಯ ದಾರಿ ಹುಡುಕುತ್ತಿದ್ದಾಗ ಕಣ್ಣಿಗೆ ಬಿದ್ದದ್ದು ಎಸ್ಟೋನಿಯಾ. ಅರ್ಧದಷ್ಟು ನೆಲ ಕಾಡು, ಎರಡು ಸಾವಿರಕ್ಕೂ ಹೆಚ್ಚು ದ್ವೀಪಗಳು, 1869ರಲ್ಲಿ ಶುರುವಾದ ಹಾಡುಹಬ್ಬ, 1997ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಹಳೆಯ ಟ್ಯಾಲಿನ್ ನಗರ. ಈ ಪುಟ್ಟ ದೇಶ 2014ರಿಂದ ಹೊರಗಿನವರಿಗೂ ಇ-ರೆಸಿಡೆನ್ಸಿ ಕಾರ್ಡ್ ಕೊಡುತ್ತಿದೆ. ಅದಿದ್ದರೆ ಇಲ್ಲಿಂದಲೇ ಅಲ್ಲಿ ಕಂಪನಿ ನೋಂದಾಯಿಸಬಹುದು!

ಶುಲ್ಕಕ್ಕೆ ಅಪ್ಪನನ್ನು ಕೇಳುವ ಮೊದಲು ನಿಯಮ ಓದಿದೆ. ಅದು ವೀಸಾ ಅಲ್ಲ, ಪೌರತ್ವವೂ ಅಲ್ಲ. ಕಂಪನಿ ತೆರೆದರೆ ಲೆಕ್ಕಪತ್ರದ ಖರ್ಚು ಬೇರೆ. ಕೆಲಸ ಕೊಡುವವರನ್ನು ಮಾತ್ರ ನಾವೇ ಹುಡುಕಬೇಕು.

ಅಪ್ಪನಿಗೆ ಫೋನ್ ಮಾಡಲಿಲ್ಲ. ಅರ್ಧಕ್ಕೆ ಬಿಟ್ಟಿದ್ದ ಪೈಥಾನ್ ಪ್ರಾಜೆಕ್ಟ್ ಮುಗಿಸಿ ಗಿಟ್‌ಹಬ್‌ಗೆ ಹಾಕಿದೆ. ಗೆಳೆಯರೇ, ಮೊದಲು ಕೈಯಲ್ಲಿ ಕೆಲಸವಿರಲಿ, ಕಾರ್ಡ್ ಆಮೇಲೆ. ಹಾಡುಹಬ್ಬಕ್ಕೆ ಒಂದು ದಿನ ಹೋಗಿಯೇ ಹೋಗುತ್ತೇನೆ, ನನ್ನದೇ ದುಡ್ಡಿನಲ್ಲಿ.