ಗಡಿಯಾಚೆಯ ಕಳ್ಳ, ಗಡಿಯೀಚೆಯ ಕಾವಲು

ಗಡಿ ಎಂಬ ಮಾತಿನ ಅರ್ಥವನ್ನು ಬೆಳಗಾವಿ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಮೂಡಣಕ್ಕೆ ಹರಿದು ಕೃಷ್ಣೆಯನ್ನು ಸೇರುತ್ತದೆ. ಅದೇ ತಾಲ್ಲೂಕಿನ ಕಾಡಿನಲ್ಲಿ ಹುಟ್ಟುವ ಮಹದಾಯಿ ಪಡುವಣಕ್ಕೆ ಇಳಿದು ಗೋವೆಯಲ್ಲಿ ಮಾಂಡೋವಿ ಎನಿಸಿಕೊಳ್ಳುತ್ತದೆ. ಸಂತೆಯಲ್ಲಿ ನಿಂತರೆ ಕನ್ನಡ, ಮರಾಠಿ, ಕೊಂಕಣಿ ಮೂರೂ ನುಡಿಗಳು ಕಿವಿಗೆ ಬೀಳುತ್ತವೆ. ೧೯೬೧ರ ಡಿಸೆಂಬರದವರೆಗೆ ಇಲ್ಲಿಯ ಘಟ್ಟದ ಅಂಚು ಬರಿಯ ತಾಲ್ಲೂಕಿನ ಅಂಚಾಗಿರಲಿಲ್ಲ. ಅದರಾಚೆಗೆ ಇದ್ದುದು ಪೋರ್ಚುಗೀಸರ ಆಳ್ವಿಕೆ. ಇಂಥ ನೆಲದಲ್ಲಿ ನಿಂತು, ಗಡಿಯೇ ಕಾಣದ ಒಂದು ಹೊಸ ಅಪಾಯವನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

೨೦೨೫ರ ಮಾರ್ಚ್ ತಿಂಗಳಿನಲ್ಲಿ ಖಾನಾಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ವೃದ್ಧ ದಂಪತಿಗಳು ತಮ್ಮ ಬಾಳನ್ನು ತಾವೇ ಕೊನೆಗಾಣಿಸಿಕೊಂಡರು. ದೆಹಲಿಯ ಅಧಿಕಾರಿಗಳೆಂದು ಹೇಳಿಕೊಂಡ ಯಾರೋ ದೂರವಾಣಿಯಲ್ಲಿ ಬೆದರಿಸಿ, ಮಾಡದ ಅಪರಾಧವನ್ನು ತಲೆಗೆ ಕಟ್ಟಿ, ಅವರಿಂದ ೫೦ ಲಕ್ಷ ರೂಪಾಯಿಗೂ ಮಿಕ್ಕಿ ಹಣವನ್ನು ಸುಲಿದಿದ್ದರು. ಮನೆಯ ಅಗುಳಿಯನ್ನು ಯಾರೂ ಮುರಿಯಬೇಕಾಗಲಿಲ್ಲ. ಅಂಜಿಕೆಯೊಂದೇ ಕಳ್ಳನ ಕೈಯ ಕನ್ನಗತ್ತಿಯಾಯಿತು.

ಇದೇ ನಾಣ್ಯಕ್ಕೆ ಇನ್ನೊಂದು ಮುಖವೂ ಇದೆ. ಅದೇ ವರ್ಷದ ನವೆಂಬರಿನಲ್ಲಿ ಬೆಳಗಾವಿ ನಗರದ ಪೊಲೀಸರು ಒಂದು ಕಟ್ಟಡದ ಮೇಲೆ ದಾಳಿ ಮಾಡಿ ೩೩ ಜನರನ್ನು ಬಂಧಿಸಿದರು. ಅಲ್ಲಿ ಕುಳಿತು ಅಮೆರಿಕದ ನಾಗರಿಕರಿಗೆ ಕರೆ ಮಾಡಿ ವಂಚಿಸುತ್ತಿದ್ದರೆಂಬುದು ಅವರ ಮೇಲಿನ ಆಪಾದನೆ. ಹಾಗಾದರೆ ಖಾನಾಪುರದ ಮುದುಕರು ಎಲ್ಲಿಯದೋ ದನಿಗೆ ನಡುಗಿದಂತೆ, ಸಾಗರದಾಚೆಯ ಮುದುಕರು ಬೆಳಗಾವಿಯ ದನಿಗೆ ನಡುಗಿರಬಹುದು. ಕಳ್ಳರು ಹೊರಗಿನವರು, ನಾವು ಮಾತ್ರ ಕಳಕೊಂಡವರು ಎಂಬ ಸಮಾಧಾನವನ್ನು ಈ ಸಂಗತಿ ನಮ್ಮಿಂದ ಕಸಿದುಕೊಳ್ಳುತ್ತದೆ. ಸಹಕಾರದ ಮಾತು ಆರಂಭವಾಗಬೇಕಾದುದು ಇಲ್ಲಿಂದಲೇ.

ಈ ವಂಚನೆಯ ಸರಪಳಿಯನ್ನು ಬಿಡಿಸಿ ನೋಡೋಣ. ಕರೆ ಬರುವುದು ಅಂತರ್ಜಾಲದ ಮೂಲಕ. ಪರದೆಯ ಮೇಲೆ ಕಾಣುವ ಸಂಖ್ಯೆ ಒಂದು ಊರಿನದು, ಮಾತನಾಡುವವನು ಇರುವುದು ಮತ್ತೊಂದು ಊರಿನಲ್ಲಿ. ಕಳಿಸಿದ ಹಣ ಬಂದು ಬೀಳುವುದು ಬಾಡಿಗೆಗೆ ಪಡೆದ ಯಾರದೋ ಬ್ಯಾಂಕ್ ಖಾತೆಗೆ. ಅಲ್ಲಿಂದ ಕೆಲವೇ ನಿಮಿಷಗಳಲ್ಲಿ ಹತ್ತಾರು ಖಾತೆಗಳಿಗೆ ಹಂಚಿಹೋಗಿ, ಎಷ್ಟೋ ಸಲ ಕ್ರಿಪ್ಟೋ ನಾಣ್ಯವಾಗಿ ದೇಶ ದಾಟುತ್ತದೆ. ಇಂಥ ದಂಧೆಯ ದೊಡ್ಡ ಠಾಣ್ಯಗಳು ಕಾಂಬೋಡಿಯ, ಮ್ಯಾನ್ಮಾರ್ ದೇಶಗಳಲ್ಲಿವೆ. ಉದ್ಯೋಗದ ಆಸೆ ತೋರಿಸಿ ಕರೆದೊಯ್ದ ನಮ್ಮ ದೇಶದ ತರುಣರನ್ನೇ ಅಲ್ಲಿ ಕೂಡಿಹಾಕಿ ಈ ಕೆಲಸಕ್ಕೆ ಹಚ್ಚಿದ ಉದಾಹರಣೆಗಳಿವೆ. ಹೀಗೆ ಒಂದೇ ಅಪರಾಧ ನಾಲ್ಕು ರಾಜ್ಯ, ಮೂರು ದೇಶಗಳಲ್ಲಿ ಚದರಿಹೋಗಿರುತ್ತದೆ.

ಬೆನ್ನಟ್ಟುವವನ ಪಾಡೋ ಬೇರೆ. ನಮ್ಮ ಸಂವಿಧಾನದಂತೆ ಪೊಲೀಸು ರಾಜ್ಯದ ವಿಷಯ. ೨೦೦೦ದ ಮಾಹಿತಿ ತಂತ್ರಜ್ಞಾನ ಕಾಯಿದೆಯ ೭೫ನೆಯ ಕಲಮು, ಭಾರತದಲ್ಲಿರುವ ಗಣಕಯಂತ್ರಕ್ಕೆ ಸಂಬಂಧಿಸಿದ ಅಪರಾಧವನ್ನು ಹೊರದೇಶದಲ್ಲಿ ಕುಳಿತು ಮಾಡಿದರೂ ಕಾಯಿದೆ ಅನ್ವಯಿಸುತ್ತದೆಂದು ಹೇಳುತ್ತದೆ. ಆದರೆ ಹೇಳುವುದು ಬೇರೆ, ಹಿಡಿಯುವುದು ಬೇರೆ. ಅಮೆರಿಕದೊಂದಿಗೆ ಪರಸ್ಪರ ಕಾನೂನು ನೆರವಿನ ಒಪ್ಪಂದಕ್ಕೆ ೨೦೦೧ರಲ್ಲಿ ಸಹಿಯಾಗಿ ೨೦೦೫ರಲ್ಲಿ ಅದು ಜಾರಿಗೆ ಬಂದಿತು. ಅದರ ಮೂಲಕ ಸಾಕ್ಷ್ಯ ಕೇಳಬಹುದು. ಕೇಳಿದ ಪತ್ರ ಮೇಜಿನಿಂದ ಮೇಜಿಗೆ ಸರಿಯುವಷ್ಟರಲ್ಲಿ ಸಾಕ್ಷ್ಯವೇ ಅಳಿಸಿಹೋಗಬಹುದು. ೨೦೨೫ರ ಡಿಸೆಂಬರ್ ೧ರಂದು ಸರ್ವೋಚ್ಚ ನ್ಯಾಯಾಲಯವು ‘ಡಿಜಿಟಲ್ ಬಂಧನ’ದ ಪ್ರಕರಣಗಳ ತನಿಖೆಯನ್ನು ಸಿ.ಬಿ.ಐ.ಗೆ ಒಪ್ಪಿಸಿದ್ದರ ಮರ್ಮ ಇಲ್ಲಿದೆ: ಇಂಟರ್‌ಪೋಲಿನೊಂದಿಗೆ ಭಾರತದ ಪರವಾಗಿ ವ್ಯವಹರಿಸುವ ಸಂಸ್ಥೆ ಅದು.

ಪರಸ್ಪರ ನಂಬಿಕೆ ಕಡಿಮೆಯಿದ್ದ ಎರಡು ಅಧಿಕಾರಗಳು ಒಂದು ಕೆಲಸಕ್ಕಾಗಿ ಕೈಜೋಡಿಸಿದ ದೃಷ್ಟಾಂತ ನಮ್ಮ ಘಟ್ಟದಲ್ಲೇ ಇದೆ. ೧೮೭೮ರಲ್ಲಿ ಬ್ರಿಟಿಷರೂ ಪೋರ್ಚುಗೀಸರೂ ಸುಂಕ ಹಾಗೂ ರೈಲುಮಾರ್ಗದ ವಿಷಯದಲ್ಲಿ ಒಪ್ಪಂದ ಮಾಡಿಕೊಂಡರು. ಮರ್ಮಗೋವೆಯ ಬಂದರದಿಂದ ಕ್ಯಾಸಲ್‌ರಾಕಿಗೆ ಹಳಿ ಏರಿತು. ಅದೇ ದಾರಿ ಮುಂದೆ ನಮ್ಮ ಲೋಂಡಾಕ್ಕೆ ಬಂದಿತು. ೧೮೯೨ರಲ್ಲಿ ಆ ಒಪ್ಪಂದ ಕೊನೆಗೊಂಡಿತು, ರೈಲು ಮಾತ್ರ ಉಳಿಯಿತು. ಹಳಿಯ ಅಗಲವನ್ನು ಎರಡೂ ಕಡೆಯವರು ಒಂದೇ ಅಳತೆಗೆ ಒಪ್ಪದಿದ್ದರೆ ಬಂಡಿ ಗಡಿಯಲ್ಲೇ ನಿಲ್ಲುತ್ತಿತ್ತು. ಸೈಬರ್ ಸುರಕ್ಷತೆಯಲ್ಲಿಯೂ ಬೇಕಾದುದು ಇಂಥ ಸಮಾನ ಅಳತೆಯೇ.

ಆ ಅಳತೆಯನ್ನು ಹುಡುಕುವ ಯತ್ನ ಲೋಕದಲ್ಲಿ ನಡೆದೇ ಇದೆ. ೨೦೦೧ರಲ್ಲಿ ಬುಡಾಪೆಸ್ಟಿನಲ್ಲಿ ಸಹಿಗೆ ತೆರೆದ ಒಪ್ಪಂದವು, ಸದಸ್ಯ ದೇಶಗಳು ಹಗಲಿರುಳೂ ಕರೆಗೆ ಓಗೊಡುವ ಒಂದೊಂದು ಸಂಪರ್ಕ ಕೇಂದ್ರವನ್ನು ಇಟ್ಟುಕೊಳ್ಳಬೇಕೆಂದು ವಿಧಿಸಿತು. ಭಾರತ ಅದರಲ್ಲಿ ಸೇರಲಿಲ್ಲ. ತಾನು ಪಾಲ್ಗೊಳ್ಳದೆ ಬರೆದ ನಿಯಮಕ್ಕೆ ಒಳಪಡುವುದು ಹೇಗೆ, ತನ್ನ ನೆಲದ ಮಾಹಿತಿಯನ್ನು ಅನ್ಯರು ನೇರವಾಗಿ ಪಡೆದರೆ ಸಾರ್ವಭೌಮತ್ವದ ಗತಿಯೇನು ಎಂಬ ಶಂಕೆಗಳಿದ್ದವು. ೨೦೨೪ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಹೊಸ ಒಪ್ಪಂದವೊಂದನ್ನು ಅಂಗೀಕರಿಸಿತು. ೨೦೨೫ರ ಅಕ್ಟೋಬರಿನಲ್ಲಿ ವಿಯೆಟ್ನಾಮಿನ ಹನೋಯ್ ನಗರದಲ್ಲಿ ಅದು ಸಹಿಗೆ ತೆರೆಯಿತು. ಅದು ಜಾರಿಗೆ ಬರಲು ೪೦ ದೇಶಗಳ ಸ್ಥಿರೀಕರಣ ಬೇಕು. ಕಳ್ಳನನ್ನು ಹಿಡಿಯುವ ಹೆಸರಿನಲ್ಲಿ ಪತ್ರಕರ್ತರ, ಭಿನ್ನಮತದವರ ಬಾಯಿ ಕಟ್ಟುವ ಸಾಧನವಾಗಬಹುದೆಂಬ ಆತಂಕವನ್ನು ಈ ಒಪ್ಪಂದದ ಬಗೆಗೂ ಹಲವರು ವ್ಯಕ್ತಪಡಿಸಿದ್ದಾರೆ. ಕಾವಲಿಗೆ ಬಂದವನಿಗೂ ಒಬ್ಬ ಕಾವಲುಗಾರ ಬೇಕೆಂಬುದನ್ನು ಆಡಳಿತ ಮರೆಯಬಾರದು.

ಸರಕಾರಗಳಿಗಿಂತ ಮೊದಲೇ ಕೈಜೋಡಿಸಿದವರು ಸಂಶೋಧಕರು. ೧೯೮೮ರ ನವೆಂಬರಿನಲ್ಲಿ ಅಮೆರಿಕದ ವಿದ್ಯಾರ್ಥಿಯೊಬ್ಬನು ಹರಿಯಬಿಟ್ಟ ‘ಹುಳು’ವೆಂಬ ಕ್ರಮವಿಧಿಯು ಸುಮಾರು ೬,೦೦೦ ಗಣಕಯಂತ್ರಗಳನ್ನು ಕೆಡಿಸಿತೆಂದು ಅಂದಿನ ಅಂದಾಜು. ಕೂಡಲೇ ಅಲ್ಲಿ ತುರ್ತು ನೆರವಿನ ತಂಡವೊಂದು ಹುಟ್ಟಿತು. ಮರುವರ್ಷ ಮತ್ತೊಂದು ಹುಳು ಬಂದಾಗ, ಬೇರೆ ಬೇರೆ ತಂಡಗಳಿಗೆ ಭಾಷೆ, ಗಡಿಯಾರ, ಪದ್ಧತಿಗಳ ಅಂತರವೇ ಅಡ್ಡಿಯಾಯಿತು. ಅದರ ಪಾಠವಾಗಿ ೧೯೯೦ರಲ್ಲಿ ‘ಫಸ್ಟ್’ ಎಂಬ ಜಾಗತಿಕ ಕೂಟ ನಿಂತಿತು. ಭಾರತದ ‘ಸರ್ಟ್-ಇನ್’ ಸಂಸ್ಥೆ ಕೆಲಸ ಆರಂಭಿಸಿದುದು ೨೦೦೪ರಲ್ಲಿ. ಇಂಥ ತಂಡಗಳು ತಮ್ಮೊಳಗೆ ಹಂಚಿಕೊಳ್ಳುವ ಸುದ್ದಿಗೆ ಬಣ್ಣದ ಗುರುತು ಹಚ್ಚುತ್ತವೆ: ಕೆಂಪಾದರೆ ಕೇಳಿದವನ ಕಿವಿಗಷ್ಟೇ, ಕಿತ್ತಳೆಯಾದರೆ ಅವನ ಸಂಸ್ಥೆಯೊಳಗೆ ಅಗತ್ಯವಿದ್ದವರಿಗೆ, ಹಸಿರಾದರೆ ತಮ್ಮ ಬಳಗಕ್ಕೆ, ಬಣ್ಣವಿಲ್ಲದಿದ್ದರೆ ಲೋಕಕ್ಕೆಲ್ಲ. ಗುಟ್ಟು ಉಳಿಯುವುದೆಂಬ ಭರವಸೆಯಿದ್ದರೆ ಮಾತ್ರ ಸೋತವನು ತನ್ನ ಸೋಲನ್ನು ಹೇಳಿಕೊಂಡಾನು. ಅವನು ಹೇಳಿಕೊಂಡರೆ ಮಾತ್ರ ಉಳಿದವರು ಎಚ್ಚರಗೊಂಡಾರು.

ಕೊನೆಯದು ಶಿಕ್ಷಣ. ೧೯೯೮ರಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಬೆಳಗಾವಿಯಲ್ಲೇ ಇದೆ. ನಾಡಿನ ಇಂಜಿನಿಯರಿಂಗ್ ವಿದ್ಯಾರ್ಥಿಗಳ ಬಹುದೊಡ್ಡ ಪಾಲು ಅದರ ಪಠ್ಯಕ್ರಮದಲ್ಲಿ ಓದುತ್ತದೆ. ಅಲ್ಲಿ ಕಲಿತ ತರುಣರು ದೊಡ್ಡ ಬ್ಯಾಂಕುಗಳನ್ನು ಕಾಯಲಿ, ಸಂತೋಷ. ಆದರೆ ಆ ಅರಿವು ಖಾನಾಪುರದ ಸಂತೆಗೆ, ಕನ್ನಡ ಮರಾಠಿ ಕೊಂಕಣಿಗಳಲ್ಲಿ, ಇಳಿದು ಬರಬೇಡವೇ? ಭಾರತದ ಯಾವ ಕಾನೂನಿನಲ್ಲಿಯೂ ‘ಡಿಜಿಟಲ್ ಬಂಧನ’ ಎಂಬುದಿಲ್ಲ. ದೂರವಾಣಿಯಲ್ಲಿ ಯಾರೂ ಯಾರನ್ನೂ ಬಂಧಿಸಲಾರರು. ಹಣ ಕಳೆದುಕೊಂಡವರು ತಡಮಾಡದೆ ೧೯೩೦ಕ್ಕೆ ಕರೆ ಮಾಡಿದರೆ, ಇನ್ನೂ ಖಾತೆಗಳಲ್ಲಿ ಉಳಿದ ಹಣವನ್ನು ತಡೆಹಿಡಿಯಲು ಅವಕಾಶವಿದೆ. ೨೦೨೪ರ ಅಕ್ಟೋಬರ್ ೨೭ರಂದು ಪ್ರಧಾನಮಂತ್ರಿಗಳು ಇದೇ ಎಚ್ಚರಿಕೆಯನ್ನು ಆಕಾಶವಾಣಿಯ ತಮ್ಮ ಭಾಷಣದಲ್ಲಿ ಹೇಳಿದ್ದರು. ಐದು ತಿಂಗಳ ತರುವಾಯ ಖಾನಾಪುರದ ಆ ಮನೆಯ ದೀಪ ಆರಿತು. ಒಮ್ಮೆ ಹೇಳಿದರೆ ಸಾಲದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಕೋಟೆ ಕೊಳ್ಳೆಹೋದ ಮೇಲೆ ಊರ ಬಾಗಿಲು ಹಾಕಿದರು ಎಂಬ ಗಾದೆ ನಮ್ಮಲ್ಲಿದೆ. ದೇಶ ದೇಶಗಳ ನಡುವಣ ಬಾಗಿಲುಗಳನ್ನು ಸರಿಪಡಿಸಲು ಕಾಲ ಹಿಡಿದೀತು. ಅಷ್ಟರಲ್ಲಿ ನಾವು ಮಾಡಬಹುದಾದ ಕೆಲಸವೊಂದುಂಟು. ಈ ವಂಚಕರು ಮೊದಲು ಹಾಕುವ ಕಟ್ಟಳೆಯೇ ‘ಯಾರಿಗೂ ಹೇಳಬೇಡಿ’ ಎಂಬುದು. ಮೋಸಹೋದವರನ್ನು ಮೂಢರೆಂದು ನಗದೆ, ನಾಚಿಕೆಯಿಲ್ಲದೆ ಅವರು ನಮ್ಮೆದುರು ಬಾಯಿಬಿಡುವಂತೆ ನಾವು ನಡೆದುಕೊಂಡರೆ, ಆ ಕಟ್ಟಳೆ ಅಲ್ಲಿಯೇ ಮುರಿಯುತ್ತದೆ. ನೆರೆಮನೆಯ ಹಿರಿಯರನ್ನು ಇಂದು ಸಂಜೆಯೇ ಒಮ್ಮೆ ಮಾತನಾಡಿಸಿ ಬರಲು ಯಾವ ಒಪ್ಪಂದದ ಸಹಿಗೂ ಕಾಯಬೇಕಾಗಿಲ್ಲ.